ತಂತಿಗೆ ಸಿಕ್ಕಿಸಿದ ಕಾಗದಗಳು

ಹಳೆಯ ಮನೆಗಳ ಪಡಸಾಲೆಯಲ್ಲಿ, ಕಂಬದ ಮೊಳೆಗೋ ಜಂತಿಗೋ ಒಂದು ತಂತಿ ತೂಗುಬಿದ್ದಿರುತ್ತಿತ್ತು. ಕೆಳತುದಿಯಲ್ಲಿ ಕಾಗದ ಜಾರದಂತೆ ದುಂಡನೆಯ ಮರದ ಬಿಲ್ಲೆ, ಮೇಲ್ತುದಿಯಲ್ಲಿ ಚೂಪಾದ ಕೊಕ್ಕೆ. ಓದಿ ಮುಗಿದ ಕಾಗದವನ್ನು ಅದಕ್ಕೆ ಚುಚ್ಚಿದರೆ ಮುಗಿಯಿತು. ನಾಣ್ಯ, ಅಂಚೆಚೀಟಿ ಕೂಡಿಡುವವರಿಗೆ ಆರಿಸಿದ್ದೇವೆಂಬ ಗತ್ತಿರುತ್ತದೆ, ತಂತಿಗೆ ಅದಿಲ್ಲ. ಮಗಳ ಬಾಣಂತನದ ಸುದ್ದಿ, ಅದರ ಮೇಲೆ ಕಂದಾಯದ ರಸೀದಿ, ಅದರ ಮೇಲೊಂದು ಲಗ್ನಪತ್ರಿಕೆ. ಒಪ್ಪವಾಗಿ ಅಂಟಿಸಿದ ಯಾವ ಆಲ್ಬಮ್ಮೂ ನನಗೆ ಇಷ್ಟು ರುಚಿಸಿಲ್ಲ.

ಅಜ್ಜನ ಮನೆಯ ತಂತಿ ಈಗ ನನ್ನ ಹತ್ತಿರ ಇದೆ. ತಳದ ಕಾಗದ ಬೇಕೆಂದರೆ ಮೇಲಿನದನ್ನೆಲ್ಲ ಕಳಚಬೇಕು. ಪ್ರತಿ ಕಾಗದದ ನಡುವೆಯೂ ತುಕ್ಕಿನ ಅಂಚಿನ ತೂತು. ಆ ತೂತಿನಲ್ಲಿ ಹೋದ ಅಕ್ಷರವನ್ನು ಊಹಿಸಿಕೊಂಡು ಓದುವುದೇ ಒಂದು ಸುಖ. ಮೊಹರು ಮಸುಕಾಗಿದ್ದರೂ ಕಾಲ ತಿಳಿಯುತ್ತದೆ. ಪಿನ್‌ಕೋಡಿನ ಆರು ಮನೆಗಳು ಅಚ್ಚಾಗಿದ್ದರೆ 1972ರ ಈಚಿನದು. ಆ ಮನೆಗಳು ಖಾಲಿಯಿದ್ದರೆ ಬರೆದದ್ದು ನಮ್ಮ ಸೋದರತ್ತೆ. ಊರಿನ ಹೆಸರು ಬರೆದ ಮೇಲೆ ಲೆಕ್ಕ ಯಾಕೆ ಎನ್ನುವ ಪೈಕಿ ಅವರು.

ಹುಲಿಯ ಮುಖವಿದ್ದ 15 ಪೈಸೆಯ ಕಾರ್ಡನ್ನು ಅಂಚೆಯಣ್ಣನೂ ಓದುತ್ತಿದ್ದನಾದ್ದರಿಂದ ಅದರಲ್ಲಿ ಮಳೆ, ಬೆಳೆ, ಕ್ಷೇಮ, ಅಷ್ಟೇ. ಮನಸ್ಸಿನ ಮಾತಿಗೆ 1950ರಲ್ಲಿ ಬಂದ ಇನ್‌ಲ್ಯಾಂಡೇ ಆಗಬೇಕು. ಅಲ್ಲಿಯೂ ದೊಡ್ಡ ಪುಟಗಳಲ್ಲಿ ಅತ್ತೆ ಮಾವಂದಿರ ಗುಣಗಾನ. ನಿಜವಾದ ಸಮಾಚಾರ ಅಂಟಿಸುವ ಮಡಿಕೆಯ ಮೇಲೆ, ಓರೆಯಾಗಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ಮದುವೆ, ನಾಮಕರಣದ ಕಾಗದಗಳ ಮೂಲೆಗೆ ಹಚ್ಚಿದ ಅರಿಸಿನ ಇನ್ನೂ ಮಾಸಿಲ್ಲ. ಆದರೆ ಇಷ್ಟೊಂದು ಕಾಗದಗಳಲ್ಲಿ ಸಾವಿನ ಸುದ್ದಿ ಒಂದೂ ಇಲ್ಲ. ಅಂಥ ಕಾಗದವನ್ನು ಓದಿದೊಡನೆ ಹರಿದು ಹೊರಗೆ ಎಸೆಯಬೇಕು, ಮನೆಯಲ್ಲಿ ಇಡಬಾರದು. ಹಾಗಾಗಿ ತಂತಿಯ ಲೋಕದಲ್ಲಿ ಎಲ್ಲರೂ ಹುಟ್ಟುತ್ತಾರೆ, ಮದುವೆಯಾಗುತ್ತಾರೆ, ಅಡಿಕೆಯ ದರ ಕೇಳುತ್ತಾರೆ, ಸಾಯುವುದಿಲ್ಲ. ಒಂದು ಕೈಬರಹ ಥಟ್ಟನೆ ನಿಂತುಹೋಗುತ್ತದೆ, ಅಷ್ಟೇ. ಅಜ್ಜ ಹೋದದ್ದೂ ಇಲ್ಲಿ ಬರೆದಿಲ್ಲ. ಅಲ್ಲಿಯ ತನಕ ‘ತೀರ್ಥರೂಪು’ ಎಂದು ಅವರನ್ನು ಸಂಬೋಧಿಸುತ್ತಿದ್ದ ಕಾಗದಗಳು ಅಜ್ಜಿಯ ಹೆಸರಿಗೆ ಬರತೊಡಗುತ್ತವೆ. ಮಕ್ಕಳು ‘ಮಾತೃಶ್ರೀ’ ಎಂದು ಬರೆದರೆ, ಸಂಪ್ರದಾಯಸ್ಥ ನೆಂಟರೊಬ್ಬರು ಮೊದಲಿದ್ದ ‘ಸೌಭಾಗ್ಯವತಿ’ಯನ್ನು ಬಿಟ್ಟು ‘ಗಂಗಾಭಾಗೀರಥಿ ಸಮಾನರಾದ’ ಎಂದು ಶುರುಮಾಡಿದ್ದಾರೆ. ಗೌರವಕ್ಕೇ ಬರೆದದ್ದಿರಬಹುದು. ಆ ಕಾಗದ ಬಿಡಿಸಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಸಲ ನಾನು ಓದುವುದು ಅಜ್ಜನ ಅಕ್ಕನ ಕಾಗದಗಳನ್ನು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಪಕ್ಕದ ಮನೆಯ ಶಾಲೆ ಹುಡುಗರಿಂದ ಬರೆಸುತ್ತಿದ್ದರು. ಮಾತು ಅವರದೇ, ಬೈಗುಳವೂ ಅವರದೇ, ಕೈ ಮಾತ್ರ ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತದೆ. ತೆಂಗಿನಕಾಯಿಯ ಪಾಲಿನ ಜಗಳವನ್ನು ಒಬ್ಬ ಹುಡುಗ ಒತ್ತಕ್ಷರಗಳನ್ನೆಲ್ಲ ನುಂಗಿ ಬರೆದಿದ್ದಾನೆ. ಮುಗಿದ ಮೇಲೆ, ಅವರಿಗೆ ಓದಲು ಬಾರದೆಂಬ ಧೈರ್ಯದಿಂದ, ತನ್ನದೂ ಒಂದು ಸಾಲು ಸೇರಿಸಿದ್ದಾನೆ: ನಿಮ್ಮಲ್ಲಿ ಓದಿ ಬಿಟ್ಟ ಚಂದಮಾಮ ಇದ್ದರೆ ಕಳಿಸಬೇಕಂತೆ. ಅಜ್ಜ ಕಳಿಸಿದರೆಂದೇ ಕಾಣುತ್ತದೆ. ಮುಂದಿನ ಕಾಗದದಲ್ಲಿ ಜಗಳ ಹಾಗೇ ಇದೆ, ಹುಡುಗ ಮಾತ್ರ ಮುಂದಿನ ತಿಂಗಳಿನದನ್ನು ಕೇಳಿದ್ದಾನೆ.