ಬೊಮ್ಮನಹಳ್ಳಿಯ ಇಲಿಗಳು: ಪದ್ಯ ಮತ್ತು ಚಿತ್ರ

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಕನ್ನಡದ ಮಕ್ಕಳಿಗೆ ದೊರೆತ ಪ್ರಾಣಿಕಲ್ಪನೆಯ ಕಥನಕವನಗಳಲ್ಲಿ ಅತ್ಯಂತ ಜೀವಂತವಾದದ್ದು. 1926ರಲ್ಲಿ ರಚಿತವಾದ ಈ ಕೃತಿ ತರಗತಿಯ ಓದಿನಲ್ಲೂ ಬೇಸಿಗೆ ಶಿಬಿರಗಳ ರಂಗದ ಮೇಲೂ ಸವೆಯದೆ ಉಳಿದಿದೆ. ಆದರೆ ಇದನ್ನು ಚಿತ್ರಸಹಿತ ಪುಸ್ತಕವಾಗಿ ಪರಿಶೀಲಿಸುವಾಗ ಒಂದು ತೊಡಕು ಎದುರಾಗುತ್ತದೆ: ಇಲಿಗಳ ಚಿತ್ರವನ್ನು ಕವಿಯೇ ಮಾತಿನಲ್ಲಿ ಬರೆದು ಮುಗಿಸಿರುವುದರಿಂದ, ಚಿತ್ರಕಾರನಿಗೆ ಉಳಿಯುವ ಕೆಲಸ ಯಾವುದೆಂಬುದು ಮೇಲುನೋಟಕ್ಕೆ ಕಾಣುವಷ್ಟು ಸರಳವಲ್ಲ.

ಈ ಪದ್ಯದ ಮೂಲ ದಂತಕಥೆ ಜರ್ಮನಿಯ ಹ್ಯಾಮೆಲಿನ್ ಪಟ್ಟಣದ್ದು. 1284ರ ಜೂನ್ 26ರಂದು 130 ಮಕ್ಕಳು ಆ ಊರಿನಿಂದ ಕಾಣೆಯಾದರೆಂಬ ನೆನಪೇ ಅದರ ತಿರುಳಾಗಿದ್ದು, ಇಲಿಗಳು ಕಥೆಯೊಳಗೆ ಸೇರಿಕೊಂಡದ್ದು ಹದಿನಾರನೆಯ ಶತಮಾನದಲ್ಲಿ. ಅಂದರೆ ಇಂದು ಓದುಗರ ಕಣ್ಣಿಗೆ ಮೊದಲು ಬೀಳುವ ಪ್ರಾಣಿಗಳು, ಒಂದು ಹಳೆಯ ಶೋಕಕ್ಕೆ ಬಹಳ ತಡವಾಗಿ ಕೂಡಿಬಂದ ಕಲ್ಪನೆ. ರಾಬರ್ಟ್ ಬ್ರೌನಿಂಗ್ 1842ರಲ್ಲಿ ಇದನ್ನು ಇಂಗ್ಲಿಷ್ ಪದ್ಯವಾಗಿಸಿದ್ದು, ನಟ ವಿಲಿಯಂ ಮೆಕ್ರೀಡಿಯ ಮಗನಾದ ವಿಲ್ಲಿ ಎಂಬ ಬಾಲಕನಿಗೆ ಕಾಯಿಲೆಯ ದಿನಗಳಲ್ಲಿ ಚಿತ್ರ ಬಿಡಿಸಲು ವಸ್ತುವೊಂದು ಸಿಗಲೆಂದು. ಹೀಗಾಗಿ ಈ ಪದ್ಯಕ್ಕೆ ಚಿತ್ರ ಅನಂತರ ಸೇರಿಸಿದ ಅಲಂಕಾರವಲ್ಲ. ಮಗುವೊಂದು ಕುಂಚ ಹಿಡಿಯಲೆಂದೇ ಪದ್ಯ ಹುಟ್ಟಿತು.

ಕುವೆಂಪು ಈ ಕಥೆಯನ್ನು ತುಂಗಾತೀರಕ್ಕೆ ತಂದು ನೆಲೆಗೊಳಿಸುವಾಗ ಮೇಯರ್ ಹೋಗಿ ಗೌಡ ಬಂದದ್ದು, ವೇಸರ್ ನದಿಯ ಜಾಗದಲ್ಲಿ ತುಂಗೆ ಹರಿದದ್ದು ಎಲ್ಲರೂ ಗುರುತಿಸುವ ಮಾರ್ಪಾಡುಗಳು. ಅವುಗಳಿಗಿಂತ ಆಳವಾದದ್ದು ವಾದ್ಯದ ಬದಲಾವಣೆ: ಇಲಿಗಳನ್ನು ಸೆಳೆದೊಯ್ಯುವವನ ಕೈಯಲ್ಲಿ ಕೊಳಲಿನ ಬದಲು ಕಿಂದರಿ ಬಂತು. ಕಿಂದರಿ ಅಥವಾ ಕಿನ್ನರಿ ಎಂದರೆ ಸೋರೆಬುರುಡೆ ಕಟ್ಟಿದ ತಂತಿವಾದ್ಯ. ಅದನ್ನು ನುಡಿಸುತ್ತ ಮನೆಮನೆಯ ಮುಂದೆ ನಿಂತು ಕಥೆ ಹಾಡುವ ಕಿನ್ನರಿ ಜೋಗಿಗಳ ಪರಂಪರೆ ಕನ್ನಡನಾಡಿನಲ್ಲಿದೆ. ಊದುವ ವಾದ್ಯವನ್ನು ಬಾಯಿಗಿಟ್ಟವನು ಹಾಡಲಾರ, ತಂತಿ ಮೀಟುವವನು ಹಾಡಬಲ್ಲ. ಆದ್ದರಿಂದ ಬೊಮ್ಮನಹಳ್ಳಿಗೆ ಬಂದವನು ವಿಚಿತ್ರ ವೇಷದ ಪರದೇಶಿಯಾಗಿ ಉಳಿಯದೆ, ಹಿಂದೆಯೂ ಬಾಗಿಲಿಗೆ ಬಂದು ಹೋಗಿದ್ದ ಅಲೆಮಾರಿ ಕಲಾವಿದನಂತೆ ತೋರುತ್ತಾನೆ; ಇಲಿಗಳನ್ನು ತೊಲಗಿಸಿದರೆ ಹಣ ಕೊಡುವುದಾಗಿ ಅಂಥವನಿಗೆ ಕೊಟ್ಟ ಮಾತನ್ನು ಗೌಡ ಮುರಿದಾಗ, ದುಡಿದವನ ಕೂಲಿ ಹಿಡಿದುಕೊಳ್ಳುವ ಹಳ್ಳಿಯ ಹಳೆಯ ಅನ್ಯಾಯವೇ ಮಗುವಿನ ಮುಂದೆ ನಿಲ್ಲುತ್ತದೆ.

ಇಲಿಗಳ ಮೆರವಣಿಗೆ ಈ ಕೃತಿಯ ಶಿಖರ. ಬ್ರೌನಿಂಗ್‌ನಲ್ಲೂ ಇಲಿಗಳ ಪಟ್ಟಿಯಿದೆ. ಕುವೆಂಪು ಅದನ್ನು ನಾಲ್ಕು ಮಾತ್ರೆಗಳ ನಡೆಗೆ (ಮಾತ್ರೆಯೆಂದರೆ ಒಂದು ಹ್ರಸ್ವಾಕ್ಷರವನ್ನು ಉಚ್ಚರಿಸಲು ಹಿಡಿಯುವ ಕಾಲ) ಒಗ್ಗಿಸಿ, ಗಾತ್ರ, ವಯಸ್ಸು, ನಂಟು, ವಾಸದ ನೆಲೆ, ಬಣ್ಣ ಇವುಗಳಿಂದ ಇಲಿಗಳಿಗೆ ಬಗೆಬಗೆಯ ಹೆಸರು ಕೊಡುತ್ತಾರೆ. ಅನ್ನದ ಮಡಕೆಯಿಂದ, ಅಂಗಿಯ ಜೇಬಿನಿಂದ, ಟೋಪಿಯೊಳಗಿನ ಗೂಡಿನಿಂದ ಅವು ಹೊರಬೀಳುತ್ತವೆ. ಅಣ್ಣ, ತಂಗಿ, ಅವ್ವ, ಅಪ್ಪ ಎಂಬ ಸಂಬಂಧಗಳು ಇಲಿಗಳಿಗೂ ಅಂಟಿಕೊಂಡ ಕೂಡಲೇ ಪಿಡುಗು ಒಂದು ಸಂಸಾರವಾಗುತ್ತದೆ, ಆ ಸಂಸಾರ ಓಡುತ್ತಿರುವುದು ಹೊಳೆಯಲ್ಲಿನ ಸಾವಿನ ಕಡೆಗೆ ಎಂಬುದು ಕೇಳುವ ಮಗುವಿಗೆ ನಗುವಿನ ನಡುವೆಯೇ ತಿಳಿಯುತ್ತದೆ. ಮುಂದೆ ಊರಿನ ಮಕ್ಕಳು ಅದೇ ನಾದದ ಹಿಂದೆ ಬೆಟ್ಟದೊಳಗೆ ಹೋಗುವಾಗ ಹುಟ್ಟುವ ಭಯಕ್ಕೆ ಈ ಹೆಸರುಗಳೇ ನೆಲ ಹದಮಾಡಿರುತ್ತವೆ. ಅಷ್ಟೇ ಮುಖ್ಯವಾದದ್ದು, ಈ ಇಲಿಗಳಲ್ಲಿ ಕೆಂಪು, ಹಳದಿ, ಹಸಿರು, ಆಕಾಶದ ನೀಲಿಯವೂ ಇವೆ ಎಂಬುದು. ಕಂಡ ಇಲಿಯಿಂದ ಹೊರಟ ಪದ್ಯ ಎಲ್ಲೂ ಕಾಣದ ಇಲಿಯನ್ನು ಮುಟ್ಟುವ ಈ ಜಿಗಿತವೇ ಅದರ ಕಲ್ಪನೆಯ ಜೀವ.

ಇಂಥ ಪದ್ಯದ ಪಕ್ಕದಲ್ಲಿ ಒಂದೇ ಅಚ್ಚಿನ ಬೂದು ಇಲಿಗಳ ಹಿಂಡನ್ನು ಬಿಡಿಸಿದರೆ ಅದು ಪದ್ಯಕ್ಕೆ ಮಾಡುವ ಅಪಚಾರವೇ ಸರಿ. ಹಾಗೆಂದು ಹೆಸರಿಗೊಂದು ಚಿತ್ರವೆಂದು ಲೆಕ್ಕ ಒಪ್ಪಿಸುವುದೂ ತರವಲ್ಲ, ಏಕೆಂದರೆ ಮಗು ತಾನೇ ಊಹಿಸಿಕೊಳ್ಳಬಹುದಾದದ್ದನ್ನು ಅದು ಕಸಿದುಕೊಳ್ಳುತ್ತದೆ. ಕೇಟ್ ಗ್ರೀನವೇ ಬ್ರೌನಿಂಗ್‌ನ ಪದ್ಯಕ್ಕೆ ಬಿಡಿಸಿದ, 1888ರಲ್ಲಿ ಪ್ರಕಟವಾದ ಚಿತ್ರಗಳು ಇನ್ನೊಂದು ದಾರಿಯನ್ನು ತೋರಿಸುತ್ತವೆ. ಪದ್ಯದಲ್ಲಿ ಮಕ್ಕಳ ಗುಂಪಿನಿಂದ ಹಿಂದುಳಿದ ಒಬ್ಬ ಬಾಲಕನ ಮಾತಿನಿಂದಷ್ಟೇ ತಿಳಿಯುವ ಬೆಟ್ಟದೊಳಗಿನ ನಾಡನ್ನು ಆಕೆ ಹೂಬಿಟ್ಟ ಮರದ ಕೆಳಗೆ ಮಕ್ಕಳು ಆಡುವ ತೋಟವಾಗಿ ಕಣ್ಣೆದುರಿಗಿಟ್ಟಾಗ, ಮಕ್ಕಳ ಕಣ್ಮರೆ ಊರಿಗೆ ಶಿಕ್ಷೆಯಾಗಿದ್ದರೂ ಮಕ್ಕಳ ಪಾಲಿಗೆ ಬಿಡುಗಡೆಯಾಗುತ್ತದೆ. ಆ ತೀರ್ಪನ್ನು ಎಲ್ಲರೂ ಒಪ್ಪಬೇಕಾಗಿಲ್ಲ. ಆದರೆ ಪದ್ಯ ಹೇಳಿದ್ದನ್ನೇ ಮತ್ತೆ ಹೇಳದೆ ಅದರ ಜೊತೆ ವಾದಕ್ಕಿಳಿಯುವ ಆ ಧೈರ್ಯ ಕನ್ನಡದ ಮಕ್ಕಳ ಪುಸ್ತಕಗಳ ಚಿತ್ರಕಾರರಲ್ಲೂ ಬೆಳೆಯಬೇಕು.

ಚಿತ್ರ ಏನನ್ನು ತೋರಿಸಬೇಕೆಂಬುದು ಓದುವ ಮಗು ಎಲ್ಲಿದೆ ಎಂಬುದನ್ನೂ ಅವಲಂಬಿಸಿದೆ. ಉದಾಹರಣೆಗೆ, ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಪೆರೇಸಂದ್ರದಿಂದ ಬಾಗೇಪಲ್ಲಿಯ ಕಡೆಗೆ ಹೋದಂತೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುವ ಮಕ್ಕಳು ಬಹಳ. ಅವರಿಗೆ ಈ ಪದ್ಯದ ಲಯವೇ ಮೊದಲ ಆಸರೆ, ಅರ್ಥ ಅದರ ಹಿಂದೆ ಬರುತ್ತದೆ. ಇಲಿಯನ್ನು ಅವರಿಗೆ ಯಾರೂ ಪರಿಚಯಿಸಬೇಕಾಗಿಲ್ಲ: ಕಡಲೆಕಾಯಿ ಹೊಲದ ಬಿಲದಲ್ಲಿ, ರಾಗಿ ಬಣವೆಯಲ್ಲಿ, ಶಿಡ್ಲಘಟ್ಟ, ಚಿಂತಾಮಣಿಗಳ ರೇಷ್ಮೆಹುಳುವಿನ ಮನೆಗಳಲ್ಲಿ ಚಂದ್ರಿಕೆಗೆ (ಹಣ್ಣಾದ ಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟೆಗೆ) ಬಾಯಿ ಹಾಕುವ ಇಲಿಯನ್ನು ಅವರು ಬಲ್ಲರು. ಅವರು ಕಾಣದಿರುವುದು ಇಲಿಗಳ ಹಿಂಡನ್ನೇ ನುಂಗಬಲ್ಲ ತುಂಬಿದ ಹೊಳೆಯನ್ನು. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿಗಳು ಈ ಸೀಮೆಯಲ್ಲಿ ವರ್ಷದ ಬಹುಕಾಲ ಒಣಗಿಯೇ ಇರುವುದರಿಂದ, ಎರಡು ಪುಟಗಳ ಅಗಲಕ್ಕೆ ತುಂಗೆಯನ್ನು ಹರಿಯಬಿಡುವ ಚಿತ್ರವೇ ಇಲ್ಲಿನ ಮಗುವಿಗೆ ಹೆಚ್ಚು ಬೇಕಾದದ್ದು. ಶೈಲಿಗಾಗಿಯೂ ದೂರ ಹೋಗಬೇಕಿಲ್ಲ. ಗಡಿಯಾಚೆ ಧರ್ಮಾವರದ ಬಳಿಯ ನಿಮ್ಮಲಕುಂಟೆಯಲ್ಲೂ ಕರ್ನಾಟಕದ ತೊಗಲುಗೊಂಬೆ ಮೇಳಗಳಲ್ಲೂ ಹದಮಾಡಿದ ಚರ್ಮಕ್ಕೆ ಕೆಂಪು, ಹಸಿರು ಬಣ್ಣ ತುಂಬಿ ಬೆಳಕಿಗೆ ಹಿಡಿಯುವ ಕಲೆಯಿದೆ; ನೀಲಿ, ಹಸಿರು ಇಲಿಗಳು ಸಹಜವಾಗಿ ಕಾಣಬಲ್ಲ ಲೋಕ ಅದು.

ಕೃತಿಯ ಒಂದು ಕೊರತೆಯನ್ನೂ ಹೇಳಬೇಕು. ಎಲ್ಲ ಮಕ್ಕಳೂ ಬೆಟ್ಟದೊಳಗೆ ಹೋದ ಮೇಲೆ, ವೇಗವಾಗಿ ನಡೆಯಲಾರದ ಕಾರಣಕ್ಕೆ ಹೊರಗುಳಿದ ಬಾಲಕನಿಗೆ ಅವನ ಕಾಲಿನ ಊನದ ಹೊರತು ಬೇರೆ ಗುರುತಿಲ್ಲ. ಇಲಿಗಳಿಗೂ ಅಕ್ಕ, ತಂಗಿಯರನ್ನು ಕೊಟ್ಟ ಪದ್ಯ ಈ ಬಾಲಕನಿಗೆ ಒಂದು ಹೆಸರನ್ನೂ ಕೊಡುವುದಿಲ್ಲ. ಮಾತು ಬಿಟ್ಟದ್ದನ್ನು ತುಂಬಲು ಚಿತ್ರಕ್ಕೆ ಇದಕ್ಕಿಂತ ಯೋಗ್ಯವಾದ ಎಡೆಯಿಲ್ಲ. ಹೊಸ ಆವೃತ್ತಿಯೊಂದು ಅವನ ಮುಖ, ಅವನ ಮನೆ, ಜೊತೆಗಾರರಿಲ್ಲದ ಬೀದಿಗೆ ಅವನು ಹಿಂದಿರುಗುವ ದಾರಿ ಇವುಗಳಿಗೆ ಪುಟಗಳನ್ನು ಮೀಸಲಿಟ್ಟರೆ, ತರಗತಿಯಲ್ಲಿ ಊರುಗೋಲು ಹಿಡಿದು ಕುಳಿತ ಮಗುವೂ ಈ ಪುಸ್ತಕವನ್ನು ತನ್ನದೆಂದು ತೆರೆಯಬಹುದು.