ಆಟದ ಅಶ್ಲೀಲತೆ ಮತ್ತು ಕತ್ತರಿಯ ದೃಷ್ಟಿ: ಯಲಬುರ್ಗಾ ಸೀಮೆಯ ಪ್ರದರ್ಶನಗಳ ಹಿನ್ನೆಲೆಯಲ್ಲಿ

ಕನ್ನಡದಲ್ಲಿ ‘ಆಟ’ ಎಂಬ ಪದವು ಕ್ರೀಡೆ ಮತ್ತು ಪ್ರದರ್ಶನ ಎರಡನ್ನೂ ಒಟ್ಟಿಗೆ ಹೆಸರಿಸುತ್ತದೆ. ಚಿನ್ನಿದಾಂಡೂ ಆಟ, ಪಗಡೆಯೂ ಆಟ; ಬಯಲಾಟ, ಸಣ್ಣಾಟ, ತೊಗಲುಗೊಂಬೆಯಾಟಗಳೂ ಆಟಗಳೇ. ಇಂದು ಮೊಬೈಲಿನ ಪರದೆಯ ಮೇಲೆ ಹುಡುಗರು ಆಡುವುದೂ ಆಟವೇ. ಬೆಳಕು ಹಾಯಿಸಿದ ಪರದೆ, ಅದರ ಮೇಲೆ ಚಲಿಸುವ ಬಣ್ಣದ ಆಕೃತಿ, ಆ ಆಕೃತಿಗೆ ಮರೆಯಿಂದ ಬರುವ ದನಿ, ಇವಿಷ್ಟನ್ನು ಮಾತ್ರ ನೋಡಿದರೆ ತೊಗಲುಗೊಂಬೆಗೂ ವಿಡಿಯೊ ಗೇಮಿಗೂ ದೂರ ಕಡಿಮೆ. ಎರಡರ ಮೇಲೂ ಬಂದಿರುವ ಆಕ್ಷೇಪಗಳಲ್ಲಿಯೂ ಸಾಮ್ಯವಿದೆ. ಆಟದೊಳಗೆ ಕಾಮ ಬಂದಾಗ ಅದನ್ನು ಕತ್ತರಿಸಬೇಕೆ? ಹೆಣ್ಣನ್ನು ಹೀನಾಯಗೊಳಿಸುವ ಆಟವನ್ನು ತಡೆಯಬೇಕೆ? ಈ ಎರಡು ಪ್ರಶ್ನೆಗಳನ್ನು ಒಂದೇ ಪ್ರಶ್ನೆಯೆಂದು ಭಾವಿಸಿರುವುದೇ ಚರ್ಚೆಯ ಮೂಲ ತೊಡಕು.

ವಿಡಿಯೊ ಗೇಮುಗಳ ಚರಿತ್ರೆಯಲ್ಲಿ ಈ ತೊಡಕು ಸ್ಪಷ್ಟವಾಗಿ ಬಯಲಾದುದು 2005ರಲ್ಲಿ. ಅಮೆರಿಕದಲ್ಲಿ 1993ರ ಸೆನೆಟ್ ವಿಚಾರಣೆಗಳ ಬಳಿಕ, 1994ರಲ್ಲಿ, ಗೇಮ್ ಉದ್ಯಮವೇ ವಯೋಮಾನ ಸೂಚಿಸುವ ಮಂಡಳಿಯೊಂದನ್ನು ಸ್ಥಾಪಿಸಿಕೊಂಡಿತ್ತು. 2004ರಲ್ಲಿ ಬಿಡುಗಡೆಯಾದ ‘ಗ್ರ್ಯಾಂಡ್ ಥೆಫ್ಟ್ ಆಟೊ: ಸ್ಯಾನ್ ಆಂಡ್ರಿಯಾಸ್’ ಗೇಮಿಗೆ ಈ ಮಂಡಳಿ ಹದಿನೇಳು ವರ್ಷ ಮೀರಿದವರಿಗೆ ಎಂಬ ಮುದ್ರೆ ಕೊಟ್ಟಿತ್ತು. ಆಟಗಾರನು ಲೈಂಗಿಕ ವೃತ್ತಿಯ ಮಹಿಳೆಗೆ ಹಣ ಕೊಟ್ಟು, ಅನಂತರ ಅವಳನ್ನು ಕೊಂದು, ಕೊಟ್ಟ ಹಣವನ್ನು ಮರಳಿ ಪಡೆಯಬಹುದಾದ ಅವಕಾಶ ಈ ಸರಣಿಯಲ್ಲಿ 2001ರ ಆವೃತ್ತಿಯಿಂದಲೇ ಇತ್ತು. ಅದು ಆ ಮುದ್ರೆಗೆ ಬಾಧಕವಾಗಲಿಲ್ಲ. ನಾಯಕನೂ ಅವನ ಗೆಳತಿಯೂ ಪರಸ್ಪರ ಒಪ್ಪಿ ಕೂಡುವ ದೃಶ್ಯವೊಂದು ಗೇಮಿನ ಕಡತಗಳಲ್ಲಿ ಅಡಗಿದ್ದುದು 2005ರಲ್ಲಿ ಹೊರಬಿದ್ದಾಗ ಮಾತ್ರ ಕೋಲಾಹಲವೆದ್ದಿತು. ಮುದ್ರೆ ‘ವಯಸ್ಕರಿಗೆ ಮಾತ್ರ’ ಎಂದು ಬದಲಾಯಿತು. ದೊಡ್ಡ ಅಂಗಡಿಗಳು ಮಾರಾಟ ನಿಲ್ಲಿಸಿದವು. ಆಸ್ಟ್ರೇಲಿಯದಲ್ಲಿ ಪರವಾನಗಿಯೇ ರದ್ದಾಯಿತು. ಆ ದೃಶ್ಯವನ್ನು ಕಿತ್ತುಹಾಕಿದ ಮೇಲೆ ಗೇಮು ಹಳೆಯ ಮುದ್ರೆಯೊಂದಿಗೆ ಮತ್ತೆ ಮಾರುಕಟ್ಟೆಗೆ ಬಂದಿತು. ಒಪ್ಪಿಗೆಯ ಕೂಟ ಹೋಯಿತು, ಕೊಲೆ ಉಳಿಯಿತು.

ಇದೇ ವಿಪರ್ಯಾಸವನ್ನು ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಸ್ಟೀಫನ್ ಬ್ರೇಯರ್ 2011ರ ತಮ್ಮ ಭಿನ್ನಮತದ ತೀರ್ಪಿನಲ್ಲಿ ಎತ್ತಿದರು. ಹಿಂಸಾತ್ಮಕ ಗೇಮುಗಳನ್ನು ಮಕ್ಕಳಿಗೆ ಮಾರುವುದನ್ನು ನಿಷೇಧಿಸಿದ್ದ ಕ್ಯಾಲಿಫೋರ್ನಿಯಾದ ಕಾನೂನನ್ನು ಬಹುಮತದ ತೀರ್ಪು ಅಸಿಂಧುಗೊಳಿಸಿತ್ತು. ಬಾಲಕನಿಗೆ ನಗ್ನ ಸ್ತ್ರೀಯ ಚಿತ್ರ ಮಾರುವುದನ್ನು ತಡೆಯುವ ಕಾನೂನು, ಅದೇ ಸ್ತ್ರೀಯನ್ನು ಕಟ್ಟಿಹಾಕಿ ಹಿಂಸಿಸಿ ಕೊಲ್ಲುವ ಆಟವನ್ನು ಅವನಿಗೆ ಮಾರಲು ಬಿಡುವುದಾದರೆ ಅದರಲ್ಲಿ ಯಾವ ತರ್ಕವಿದೆ ಎಂಬುದು ಅವರ ಪ್ರಶ್ನೆಯ ತಾತ್ಪರ್ಯ. 2013ರಿಂದ ಅನಿತಾ ಸರ್ಕೀಸಿಯನ್ ಅವರು ಗೇಮುಗಳಲ್ಲಿನ ಸ್ತ್ರೀಚಿತ್ರಣ ಕುರಿತು ಪ್ರಕಟಿಸಿದ ವಿಡಿಯೊ ಸರಣಿ ನಿಷೇಧವನ್ನು ಕೇಳಲಿಲ್ಲ, ವಿಮರ್ಶೆಯನ್ನು ಮಾಡಿತು. ಆ ವಿಮರ್ಶೆಯನ್ನೇ ಸೆನ್ಸಾರ್ ಎಂದು ಕೂಗಿದವರಿದ್ದರು. 2014ರ ಅಕ್ಟೋಬರಿನಲ್ಲಿ ಯೂಟಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅವರು ನೀಡಬೇಕಿದ್ದ ಉಪನ್ಯಾಸ ಗುಂಡಿನ ದಾಳಿಯ ಬೆದರಿಕೆಯಿಂದಾಗಿ ರದ್ದಾಯಿತು. ಬಾಯಿ ಮುಚ್ಚಿಸಲ್ಪಟ್ಟವರು ಯಾರು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಭಾರತದಲ್ಲಿ ಈ ಚರ್ಚೆ ಬೇರೆ ದಾರಿ ಹಿಡಿದಿದೆ. 1952ರ ಚಲನಚಿತ್ರ ಕಾಯ್ದೆಯ ಪ್ರಮಾಣೀಕರಣ ಗೇಮುಗಳಿಗೆ ಅನ್ವಯಿಸುವುದಿಲ್ಲ. 2020ರಲ್ಲಿ ಪಬ್‌ಜಿಯನ್ನು ತಡೆಹಿಡಿದುದು ದೇಶದ ಭದ್ರತೆ, ಸಾರ್ವಭೌಮತೆಗಳ ಹೆಸರಿನಲ್ಲಿ. 2025ರ ಆನ್‌ಲೈನ್ ಆಟಗಳ ಕಾಯ್ದೆಯ ನಿಷೇಧ ಬಿದ್ದಿರುವುದು ಹಣದ ಪಣದ ಮೇಲೆ. ಆಟದೊಳಗಿನ ಹೆಣ್ಣಿನ ಸ್ಥಿತಿ ಎರಡರಲ್ಲಿಯೂ ವಿಚಾರದ ಕೇಂದ್ರವಾಗಿಲ್ಲ. ಆದರೆ ಆಟದಲ್ಲಿ ಕಾಮವನ್ನು ಹೇಗೆ ಇರಿಸಬೇಕು, ಎಷ್ಟು ಇರಿಸಬೇಕು, ಯಾರ ಬಾಯಲ್ಲಿ ಇರಿಸಬೇಕು ಎಂಬ ವಿಚಾರ ಕನ್ನಡ ನೆಲಕ್ಕೆ ಹೊಸದಲ್ಲ. ಅದಕ್ಕೆ ಯಲಬುರ್ಗಾ, ಕುಷ್ಟಗಿ, ಕೊಪ್ಪಳ, ಗಂಗಾವತಿಗಳ ಎರೆಸೀಮೆ ಒಳ್ಳೆಯ ಸಾಕ್ಷಿ.

ಹಿಂದೆ ಎರಂಬರಗೆಯೆನಿಸಿ ಸಿಂದರ ರಾಜಧಾನಿಯಾಗಿದ್ದ ಯಲಬುರ್ಗಾ, ನಿಜಾಮರ ಕಾಲದಲ್ಲಿ ಕೊಪ್ಪಳದೊಂದಿಗೆ ಸಾಲಾರ್ ಜಂಗ್ ಮನೆತನದ ಜಹಗೀರಿಗೆ ಸೇರಿತ್ತು. ಬ್ರಿಟಿಷ್ ಸರ್ಕಾರ 1876ರಲ್ಲಿ ನಾಟಕ ಪ್ರದರ್ಶನಗಳ ನಿಯಂತ್ರಣಕ್ಕೆ ತಂದ, 2018ರಲ್ಲಿ ರದ್ದಾದ ಕಾಯ್ದೆಯು ಬ್ರಿಟಿಷ್ ಭಾರತಕ್ಕೆ ಮಾಡಿದ್ದಾಗಿತ್ತು. ಈ ಸೀಮೆಯ ಆಟಗಳ ಮೇಲೆ ಕತ್ತರಿಯಾಡಿಸಿದ್ದು ಆ ಕಾಯ್ದೆಯಲ್ಲ. ಇಲ್ಲಿನ ಕತ್ತರಿಗಳು ಬೇರೆ: ಅಚ್ಚಿನ ಮನೆ, ಶಾಲೆಯ ವೇದಿಕೆ, ಗೌರವಧನ ಕೊಡುವ ಸಂಘಟಕರ ಗಡಿಯಾರ.

ಈ ಸೀಮೆಯ ತೊಗಲುಗೊಂಬೆಯಾಟದಲ್ಲಿ ರಾಮಾಯಣ, ಮಹಾಭಾರತಗಳ ನಡುವೆ ನುಗ್ಗುವ ಜೋಡಿಯೊಂದಿದೆ: ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ಕಪ್ಪು ಮೈ, ಡೊಳ್ಳುಹೊಟ್ಟೆ, ದಪ್ಪ ತುಟಿ, ಕೆದರಿದ ಕೂದಲಿನ ಕಿಳ್ಳೇಕ್ಯಾತ ಗಂಡ. ಬಂಗಾರಕ್ಕ ಅವನ ಹೆಂಡತಿ. ಬಂಗಾರಕ್ಕನು ಆಂಧ್ರದ ತೊಗಲುಬೊಮ್ಮಲಾಟದಲ್ಲಿಯೂ ಇರುವುದರಿಂದ ಇದು ಗಡಿ ದಾಟಿದ ಪರಂಪರೆ. ಇವರ ಜಗಳದಲ್ಲಿ ಮುಚ್ಚುಮರೆಯಿಲ್ಲ. ದೇಹದ ಅಂಗಗಳು, ಹಾಸಿಗೆಯ ಸಂಗತಿ, ಗಂಡಸಿನ ಬಡಾಯಿ, ಅದರ ಸೋಲು ಎಲ್ಲವೂ ಬಾಯಿಗೆ ಬರುತ್ತವೆ. ರಾಮ, ಸೀತೆ, ಭೀಮರ ಗೊಂಬೆಗಳು ಆಡದ ಮಾತನ್ನು ಆಡುವುದು ಈ ಜೋಡಿಯ ಕೆಲಸ. ಊರಿನ ಸುದ್ದಿಯನ್ನು, ಗೌಡರ ನಡವಳಿಕೆಯನ್ನು ಆಟದೊಳಗೆ ತರುವುದೂ ಇವರ ಮೂಲಕವೇ.

ಶಿಳ್ಳೇಕ್ಯಾತರ ಮೇಳ ಎಂದರೆ ಒಂದು ಕುಟುಂಬ. ಗಂಡಸು ಗೊಂಬೆ ಕುಣಿಸುತ್ತಿದ್ದರೆ ಹೆಂಗಸರು ಹಾಡುತ್ತಾರೆ, ಸ್ತ್ರೀಪಾತ್ರಗಳಿಗೆ ದನಿ ಕೊಡುತ್ತಾರೆ. ಗೊಂಬೆ ಕುಣಿಸುವುದರಲ್ಲಿ ಪರಿಣತರಾದ ಮಹಿಳೆಯರೂ ಇದ್ದಾರೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಬಂದ ಪದ್ಮಶ್ರೀ ಈ ಪರಂಪರೆಯಲ್ಲಿ ಮಹಿಳೆಯ ಪಾಲು ಎಷ್ಟೆಂಬುದಕ್ಕೆ ಸಂದ ಮನ್ನಣೆಯೂ ಹೌದು. ಹೀಗಾಗಿ ಕಿಳ್ಳೇಕ್ಯಾತನ ಪೋಲಿಮಾತಿಗೆ ಎದುರುತ್ತರ ಕೊಡುವ ಬಂಗಾರಕ್ಕನ ದನಿ ಬಹುತೇಕ ಜೀವಂತ ಹೆಂಗಸಿನದು. ಹಲವು ವೇಳೆ ಗೊಂಬೆಯಾಡಿಸುವವನ ಹೆಂಡತಿಯದೇ. ಅವಳು ಅವನ ಬಡಾಯಿಯನ್ನು ಊರೆದುರು ಇಳಿಸುತ್ತಾಳೆ. ನಗುವವರಲ್ಲಿ ಹೆಂಗಸರೂ ಇರುತ್ತಾರೆ.

ಈಗ ಈ ಆಟವನ್ನು ಸಭಾಂಗಣಕ್ಕೆ ತರುವ ಸಂದರ್ಭವನ್ನು ಊಹಿಸಬಹುದು. ರಾತ್ರಿಯಿಡೀ ನಡೆಯುತ್ತಿದ್ದ ಆಟ ಒಂದು ಗಂಟೆಗೆ ಇಳಿಯುತ್ತದೆ. ಮುಂದಿನ ಸಾಲಿನಲ್ಲಿ ಅತಿಥಿಗಳು ಕುಳಿತಿರುತ್ತಾರೆ. ಅಶ್ಲೀಲ ಬೇಡವೆಂದು ಮೇಳಕ್ಕೆ ಮೊದಲೇ ಸೂಚನೆಯಾಗಿರುತ್ತದೆ. ಆಗ ಕಿಳ್ಳೇಕ್ಯಾತನನ್ನು ಪೂರ್ತಿ ಬಿಡುವಂತಿಲ್ಲ, ಜನ ನಗಬೇಕು. ಹೋಗುವುದು ದೇಹದ ಮಾತು. ಉಳಿಯುವುದು ಗಂಡ ಹೆಂಡತಿಯನ್ನು ಅಟ್ಟಿಸಿಕೊಂಡು ಹೋಗುವುದು, ಬಡಿಯುವುದು, ಅವಳ ರೂಪವನ್ನು ಹೀಯಾಳಿಸುವುದು. ಇವುಗಳಲ್ಲಿ ಯಾವುದನ್ನೂ ಸಂಘಟಕರು ಅಶ್ಲೀಲವೆನ್ನಲಾರರು. ಬಂಗಾರಕ್ಕನ ಎದುರುತ್ತರವೋ ಬಹುಪಾಲು ಅಶ್ಲೀಲದ ನುಡಿಗಟ್ಟಿನಲ್ಲಿಯೇ ಇರುವುದರಿಂದ ಅದೇ ಮೊದಲು ಬೀಳುತ್ತದೆ. ಸ್ಯಾನ್ ಆಂಡ್ರಿಯಾಸಿನ ಕತ್ತರಿಗೂ ಈ ಕತ್ತರಿಗೂ ಅಲಗು ಒಂದೇ. ಕಾಮವನ್ನು ತೆಗೆದರೆ ಹೆಣ್ಣಿನ ಮರ್ಯಾದೆ ಉಳಿಯುತ್ತದೆಯೆಂಬ ನಂಬಿಕೆಯಿಂದ ಹೊರಟ ಶುದ್ಧೀಕರಣ, ಅವಳ ಬಾಯಿಯನ್ನಷ್ಟೇ ಮುಚ್ಚಿಸಿ ಹೊಡೆತವನ್ನು ಉಳಿಸಿಕೊಳ್ಳುತ್ತದೆ.

ಇದಕ್ಕೆ ಪ್ರತಿಯಾಗಿ, ಕತ್ತರಿಯೇ ತಲುಪದ ಆಚರಣೆಯೊಂದು ಇದೇ ಸೀಮೆಯಲ್ಲಿದೆ. ಭಾದ್ರಪದದಲ್ಲಿ ಗಣಪನ ಬೆನ್ನಿಗೇ ಬರುವ ಜೋಕುಮಾರ ಅಷ್ಟಮಿಯಂದು ಹುಟ್ಟಿ ಏಳು ದಿನ ಬಾಳಿ ಹುಣ್ಣಿಮೆಗೆ ಸಾಯುತ್ತಾನೆ. ಹಸಿಮಣ್ಣಿನ ಅವನ ಮೂರ್ತಿಗೆ ಎದ್ದು ಕಾಣುವ ಶಿಶ್ನವಿರುತ್ತದೆ. ಅಂಬಿಗರ ಹೆಂಗಸರು ಅವನನ್ನು ಬೇವಿನ ಸೊಪ್ಪಿನೊಂದಿಗೆ ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಹೋಗಿ ಹಾಡುತ್ತಾರೆ. ಮನೆಯವರು ಅವನ ಬಾಯಿಗೆ ಬೆಣ್ಣೆ ಬಳಿದು ಮೊರದಲ್ಲಿ ಕಾಳುಕಡಿ ಕೊಡುತ್ತಾರೆ. ಹಾಡಿನ ವಸ್ತು ಜೋಕುಮಾರನ ಪುಂಡಾಟ: ಕಂಡ ಹೆಣ್ಣನ್ನು ಕೆಣಕುತ್ತ ತಿರುಗಿದವನು ಕೊನೆಗೆ ಅಗಸರ ಹೆಣ್ಣಿನ ಬೆನ್ನುಹತ್ತಿ ಅವಳ ಕಡೆಯವರ ಕೈಯಲ್ಲಿ ಹತನಾಗುತ್ತಾನೆ. ಮೂರ್ತಿಯನ್ನು ಕೆಲವೆಡೆ ಬಟ್ಟೆ ಒಗೆಯುವ ಕಲ್ಲಿನ ಬಳಿಯೇ ಒಡೆಯುವುದುಂಟು.

ಶಿಷ್ಟರ ಕಣ್ಣಿಗೆ ಇದಕ್ಕಿಂತ ಅಶ್ಲೀಲವಾದುದು ಇರಲಾರದು. ಆದರೆ ಹೊರುವವರು ಹೆಂಗಸರು, ಹಾಡುವವರು ಹೆಂಗಸರು, ಎದುರುಗೊಳ್ಳುವವರು ಹೆಂಗಸರು. ಕಥೆಯೂ ಬಲಾತ್ಕಾರಿಯನ್ನು ಕೊಂದೇ ಮುಗಿಯುತ್ತದೆ. ಫಲವಂತಿಕೆಯ ದೈವವೆಂದು ಅವನಿಗೆ ಕಾಳು ಕೊಡುವ ಸಮಾಜ, ಅವನ ಅತಿಕ್ರಮಕ್ಕೆ ವರ್ಷವರ್ಷವೂ ಮರಣವನ್ನೇ ವಿಧಿಸುತ್ತದೆ. ಚಂದ್ರಶೇಖರ ಕಂಬಾರರು 1972ರ ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಈ ಆಶಯವನ್ನು ಉಳುವವನ ಮತ್ತು ಒಡೆಯನ ಸಂಘರ್ಷಕ್ಕೆ ಜೋಡಿಸಲು ಸಾಧ್ಯವಾದುದು ಅದರೊಳಗಿನ ಈ ಬಿಗಿಯಿಂದಲೇ. ಪಠ್ಯಪುಸ್ತಕಕ್ಕೆ ತಕ್ಕಂತೆ ಜೋಕುಮಾರನನ್ನು ಬರಿಯ ಮಳೆದೇವರಾಗಿ ತಿದ್ದಿದರೆ ಶಿಶ್ನ ಮಾಯವಾಗುತ್ತದೆ. ಜೊತೆಗೆ ಅವನ ಅಪರಾಧವೂ ಅವನಿಗಾದ ಶಿಕ್ಷೆಯೂ ಮಾಯವಾಗುತ್ತವೆ.

ಜಾನಪದವೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಸಮರ್ಥಿಸುವ ಉತ್ಸಾಹವೂ ಸಲ್ಲದು. ಕಾಮನ ಹುಣ್ಣಿಮೆಯಲ್ಲಿ ಹಲಿಗೆ ಬಡಿದು ಬೊಬ್ಬೆ ಹಾಕುವ ಗಂಡಸರ ಗುಂಪಿನ ಬೈಗುಳ ದಾರಿಹೋಕ ಹೆಣ್ಣನ್ನು ಗುರಿಯಾಗಿಸಿದಾಗ ಅಲ್ಲಿ ಬಂಗಾರಕ್ಕನಿಲ್ಲ. ಕೇಳಿಸಿಕೊಳ್ಳುವವಳು ಆಟದ ಪಾತ್ರವಾಗಲು ಒಪ್ಪಿದವಳಲ್ಲ. ಅದನ್ನು ‘ಆಚರಣಾತ್ಮಕ ಅಶ್ಲೀಲ’ವೆಂಬ ಪಾರಿಭಾಷಿಕ ಪದದಿಂದ ಮುಚ್ಚುವ ವಿದ್ವತ್ತು ಅವಳ ಪಕ್ಷದಲ್ಲಿಲ್ಲ. ಚಂದ್ರಗುತ್ತಿಯ ಬೆತ್ತಲೆ ಸೇವೆಯ ವಿರುದ್ಧ 1986ರಲ್ಲಿ ನಡೆದ ಪ್ರತಿರೋಧ, ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿದ 1982ರ ಕಾಯ್ದೆ ಇವು ಸಂಪ್ರದಾಯದ ಮೇಲೆ ಬಿದ್ದ ಕತ್ತರಿಗಳೇ ಹೌದು, ಮತ್ತು ಬೀಳಬೇಕಾದಲ್ಲಿಯೇ ಬಿದ್ದವು. ಅಲ್ಲಿದ್ದುದು ಮಣ್ಣಿನ ಮೂರ್ತಿಯೂ ಅಲ್ಲ, ತೊಗಲಿನ ಗೊಂಬೆಯೂ ಅಲ್ಲ. ಜೀವಂತ ಹೆಣ್ಣುಮಕ್ಕಳ ದೇಹ.

ಅಚ್ಚಿನ ಲೋಕದ ಕತ್ತರಿ ಇನ್ನೂ ಮೃದುವಾದುದು, ಆದುದರಿಂದ ಕಾಣಿಸುವುದೂ ಕಡಿಮೆ. ಹಲಸಂಗಿ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಕನ್ನಡ ಜಾನಪದ ಸಂಗ್ರಹಕ್ಕೆ ಹಾಕಿಕೊಟ್ಟ ಬುನಾದಿ ದೊಡ್ಡದು. ಹೆಂಗಸರ ಹಾಡಿಗೆ ಕಾವ್ಯದ ಮನ್ನಣೆ ತಂದ ಸಂಕಲನವದು. ಆದರೂ ‘ಗರತಿ’ ಎಂಬ ಶೀರ್ಷಿಕೆಯೇ ಒಂದು ಆಯ್ಕೆ ಎಂಬುದನ್ನು ಗಮನಿಸಬೇಕು. ಬೀಸುವ ಕಲ್ಲಿನ ಮುಂದೆ ತವರನ್ನು ನೆನೆದು ಹಾಡಿದವಳೇ ಮದುವೆಯ ಚಪ್ಪರದಲ್ಲಿ ಬೀಗರನ್ನು ನಾಚಿಕೆಯಿಲ್ಲದೆ ಮೂದಲಿಸಿ ಹಾಡುತ್ತಾಳೆ. ಸಂಗ್ರಹಕಾರರ ರೂಢಿಯಲ್ಲಿ ಮೊದಲನೆಯದು ಕಾವ್ಯವಾಯಿತು, ಎರಡನೆಯದು ‘ಅಚ್ಚಿಗೆ ತಕ್ಕುದಲ್ಲ’ವಾಯಿತು. ಗಂಡನಿಗೆ ತಗ್ಗಿ ನಡೆಯಬೇಕೆಂದು ಸೊಸೆಗೆ ಬುದ್ಧಿ ಹೇಳುವ ಹಾಡು ಯಾವ ತಡೆಯೂ ಇಲ್ಲದೆ ಪುಸ್ತಕಕ್ಕೆ ಬರುತ್ತದೆ, ಏಕೆಂದರೆ ಅದರಲ್ಲಿ ಒಂದೂ ಕೆಟ್ಟ ಮಾತಿಲ್ಲ.

ಕಾನೂನಿನ ವರ್ಗೀಕರಣವೂ ಇಂಥದೇ. ಭಾರತೀಯ ದಂಡ ಸಂಹಿತೆಯ 292ನೆಯ ಕಲಮು, 2024ರ ಜುಲೈನಿಂದ ಅದರ ಸ್ಥಾನಕ್ಕೆ ಬಂದ ನ್ಯಾಯ ಸಂಹಿತೆಯ 294ನೆಯ ಕಲಮು, ಪ್ರಾಚೀನ ಸ್ಮಾರಕಗಳ ಮತ್ತು ದೇವಾಲಯಗಳ ಶಿಲ್ಪ, ಚಿತ್ರಗಳನ್ನು ಅಶ್ಲೀಲದ ವ್ಯಾಪ್ತಿಯಿಂದ ಹೊರಗಿಡುತ್ತವೆ. ಹಿಂದೆ ಯಲಬುರ್ಗಾಕ್ಕೆ ಸೇರಿದ್ದು ಈಗ ಕುಕನೂರು ತಾಲ್ಲೂಕಿನಲ್ಲಿರುವ ಇಟಗಿಯ ಮಹಾದೇವ ದೇವಾಲಯದಂಥ ಕಲ್ಲಿನ ಕಲೆಗೆ ಈ ರಕ್ಷೆಯುಂಟು. ಆ ಗುಡಿಯಿಂದ ಕೂಗಳತೆಯ ಬಯಲಿನಲ್ಲಿ ಪರದೆ ಕಟ್ಟುವವರ ಬಾಯಿಮಾತನ್ನು ಆ ವಿನಾಯಿತಿ ಹೆಸರಿಸುವುದಿಲ್ಲ.

ಇಷ್ಟಾದರೂ ಕಿಳ್ಳೇಕ್ಯಾತನ ಪರವಾದ ವಾದವನ್ನು ವಿಡಿಯೊ ಗೇಮಿಗೆ ಹಾಗೆಯೇ ಹೊಲಿದು ಹಾಕಲಾಗದು. ಗೊಂಬೆಯಾಟದಲ್ಲಿ ಕೋಲು ಮೇಳದವರ ಕೈಯಲ್ಲಿದೆ, ಊರವರು ನೋಡುವವರು. ಗೇಮಿನಲ್ಲಿ ಕೋಲು ನೋಡುವವನ ಕೈಗೇ ಬಂದಿದೆ. ಹೊಡೆಯುವುದನ್ನು ಕಾಣುವುದಕ್ಕೂ ಒತ್ತುಗುಂಡಿ ಒತ್ತಿ ಹೊಡೆಯುವುದಕ್ಕೂ ಅಂತರವಿದೆ. ಜೋಕುಮಾರನಿಗೆ ಏಳು ದಿನದ ಆಯುಷ್ಯ; ಗೇಮಿಗೆ ಹುಣ್ಣಿಮೆಯಿಲ್ಲ, ಕೊಂದ ಹೆಣ್ಣು ಮರುಗಳಿಗೆ ಅದೇ ಬೀದಿಯಲ್ಲಿ ಮತ್ತೆ ಕೊಲ್ಲಲು ನಿಂತಿರುತ್ತಾಳೆ. ಎಲ್ಲಕ್ಕಿಂತ ಮುಖ್ಯವಾಗಿ ಅವಳಿಗೆ ಎದುರುತ್ತರವಿಲ್ಲ. ಅವಳ ಮಾತುಗಳನ್ನು ಬರೆದವರು ಕಂಪನಿಯವರು. ಮೇಳದ ಹೆಂಗಸಿನಂತೆ ಆ ರಾತ್ರಿಯ ಗಂಡನಿಗೆ ತಕ್ಕ ಹೊಸ ಮಾತು ಹುಟ್ಟಿಸುವ ಶಕ್ತಿ ಆ ಆಕೃತಿಗಿಲ್ಲ. ಆದ್ದರಿಂದ ಗೇಮನ್ನು ಅಳೆಯುವಾಗ ಎಷ್ಟು ಚರ್ಮ ಕಾಣಿಸಿತು ಎಂಬ ಲೆಕ್ಕ ದಾರಿ ತಪ್ಪಿಸುವಂಥದು. 2003ರಲ್ಲಿ ಯುರೋಪಿನಲ್ಲಿ ಜಾರಿಗೆ ಬಂದ ಪೆಗಿ ಪದ್ಧತಿ ಲೈಂಗಿಕತೆಗೆ ಒಂದು, ಹಿಂಸೆಗೆ ಒಂದು, ತಾರತಮ್ಯಕ್ಕೆ ಇನ್ನೊಂದು ಎಂದು ಬೇರೆಬೇರೆ ಗುರುತುಗಳನ್ನು ಇರಿಸಿಕೊಂಡಿದೆ. ಕನಿಷ್ಠಪಕ್ಷ ಇವು ಬೇರೆಬೇರೆ ಸಂಗತಿಗಳೆಂಬ ಅರಿವು ಅದರಲ್ಲಿದೆ. ಭಾರತದಲ್ಲಿ ಮುಂದೆ ಇಂಥ ಪದ್ಧತಿ ರೂಪುಗೊಳ್ಳುವುದಾದರೆ ಈ ವಿಂಗಡಣೆಯಿಂದಲೇ ಆರಂಭವಾಗಬೇಕು.

ಜಾನಪದ ಅಧ್ಯಯನದ ಮಟ್ಟಿಗೆ ಕೆಲಸ ಇನ್ನೂ ಹತ್ತಿರದ್ದು. ಎಂ.ಎಸ್. ನಂಜುಂಡರಾವ್ ಅವರ ಶ್ರಮದಿಂದ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ದೊಡ್ಡ ಸಂಗ್ರಹವೇ ಉಳಿದಿದೆ. ತೊಗಲನ್ನು ಹೀಗೆ ಗಾಜಿನ ಹಿಂದೆ ಕಾಪಾಡಬಹುದು. ಬಂಗಾರಕ್ಕನ ಮಾತಿಗೆ ಅಂಥ ಗಾಜಿಲ್ಲ. ಕೊಪ್ಪಳ ಜಿಲ್ಲೆಯ ಮೇಳಗಳ ಇಡೀ ರಾತ್ರಿಯ ಪ್ರದರ್ಶನವನ್ನು ಅವರದೇ ಊರಿನ ಬಯಲಿನಲ್ಲಿ, ಅವರದೇ ಪ್ರೇಕ್ಷಕರೆದುರು, ಯಾವ ಸೂಚನೆಯನ್ನೂ ಕೊಡದೆ ಧ್ವನಿಮುದ್ರಿಸಬೇಕು. ಯಾವ ಮಾತನ್ನು ಮೇಳದ ಯಾವ ಹೆಂಗಸು ಆಡಿದಳೆಂಬುದನ್ನು ಅವಳ ಒಪ್ಪಿಗೆ ಪಡೆದು ಹೆಸರಿನೊಂದಿಗೆ ದಾಖಲಿಸಬೇಕು. ಶಾಲೆಗೆ, ದೂರದರ್ಶನಕ್ಕೆ ಬೇರೆ ಪಾಠ ಸಿದ್ಧವಾಗುವುದಾದರೆ ಆಗಲಿ. ಅದರಲ್ಲಿ ಬಿಟ್ಟದ್ದೆಷ್ಟು, ಬಿಟ್ಟದ್ದು ಯಾರ ಮಾತು ಎಂಬುದು ಗ್ರಂಥಾಲಯಕ್ಕೆ ಹೋಗುವ ಮೂಲಪ್ರತಿಯ ಅಂಚಿನಲ್ಲಿ ಗುರುತಾಗಿರಬೇಕು.