ನೆಲದೊಳಗಿನ ಹೊಳೆ
ನಂದಿಬೆಟ್ಟದ ಸೀಮೆಯಲ್ಲಿ ಪಾಲಾರ್, ಚಿತ್ರಾವತಿ, ಪಾಪಾಗ್ನಿ, ಎರಡೂ ಪಿನಾಕಿನಿಗಳು ಹುಟ್ಟುತ್ತವೆ. ಒಂದೂ ವರ್ಷವಿಡೀ ಹರಿಯುವುದಿಲ್ಲ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರುಗಳಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿದ್ದು ಹಳೇ ಮಾತು. ಇಂಥ ನೆಲಕ್ಕೆ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ತರುವ ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯ ಗುರಿ ದಿನಕ್ಕೆ 210 ದಶಲಕ್ಷ ಲೀಟರ್, 65 ಕೆರೆ. ಚಿಂತಾಮಣಿಯ ಕೆಲವು ಕೆರೆಗಳು ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಗೆ ಸೇರಿವೆ. ಕೆರೆ ತುಂಬಿದಾಗ ಬಾಗಿನ ಬಿಡುತ್ತೇವೆ. ಆ ನೀರನ್ನು ಹೊತ್ತು ತಂದ ಕೊಳವೆಯನ್ನು ಯಾರೂ ನೆನೆಯುವುದಿಲ್ಲ. ಆದರೆ ಕಸುಬು ಇರುವುದೇ ಅಲ್ಲಿ. ಬಂಡೆ ಒಡೆದ ಕಾಲುವೆಯಲ್ಲಿ ಕೊಳವೆ ಚೂಪುಗಲ್ಲಿನ ಮೇಲೆ ಕೂರಬಾರದು, ಅಡಿಗೆ ಮರಳು ಹಾಸಬೇಕು. ಬೆಸುಗೆ ಸುತ್ತಲೂ ಒಂದೇ ಸಮ ಕೂಡಬೇಕು. ಏರಿನ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡರೆ ಹರಿವು ಕುಗ್ಗುತ್ತದೆ, ಅಲ್ಲೊಂದು ಏರ್‌ವಾಲ್ವ್ ಬೇಕು. ತಗ್ಗಿನಲ್ಲಿ ಕೆಸರು ಕಳೆಯಲು ಬೇರೊಂದು ವಾಲ್ವ್. ನೀರು ತುಂಬಿ ಒತ್ತಡ ಕೊಟ್ಟು ನೋಡಿದ ಮೇಲೆಯೇ ಕೊಳವೆಯ ಕೆಲಸ ಮುಗಿಯಿತೆನ್ನಬೇಕು.

ಎರಡೇ ಹಂತದ ಶುದ್ಧೀಕರಣ ಸಾಲದು, ಸಾರಜನಕ, ರಂಜಕಗಳು ಉಳಿದು ಅಂತರ್ಜಲ ಕೆಡುತ್ತದೆ ಎಂಬ ಆಕ್ಷೇಪ ಗಂಭೀರವಾದದ್ದು. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಯೋಜನೆಯ ನೀರು ಹರಿದ ಕೋಲಾರದ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಕಂಡಿತ್ತು, ವಿವಾದ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಮೂರನೇ ಹಂತ ಬೇಕೇ ಬೇಕು ಎನ್ನುವವರ ಜೊತೆ ನಾನೂ ಇದ್ದೇನೆ. ಆದರೆ ಆ ಕೊರತೆ ಶುದ್ಧೀಕರಣ ಘಟಕದ್ದು, ಕೊಳವೆಯದಲ್ಲ. ಘಟಕಕ್ಕೆ ಹೊಸ ಹಂತವನ್ನು ನಾಳೆಯೂ ಜೋಡಿಸಬಹುದು, ಬಂದದ್ದನ್ನು ಒಯ್ಯುವ ದಾರಿ ಸಿದ್ಧವಾಗಿದೆ. ಹಾಗೆ ಜೋಡಿಸುವವರೆಗೆ ಕೆರೆಯ ನೀರನ್ನೂ ಸುತ್ತಲಿನ ಕೊಳವೆಬಾವಿಗಳನ್ನೂ ತಪ್ಪದೆ ಪರೀಕ್ಷಿಸಿ, ಫಲಿತಾಂಶವನ್ನು ಆಯಾ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಬೇಕು.